ಕಾಶಿಯಲ್ಲಿ ನಾನು ಬಿಟ್ಟದ್ದೇನು?

ದಶಾಶ್ವಮೇಧ ಘಾಟ್

ದೋಣಿ ನಡುಹೊಳೆಗೆ ಬಂದ ಮೇಲೆ ಅಂಬಿಗನಿಗೆ ಸ್ವಲ್ಪ ನಿಲ್ಲಿಸು ಎಂದು ಹೇಳಿ, ಚೀಲದಿಂದ ಮೂರನೆಯ ಕಾರ್ಡು ತೆಗೆದು ಕಣ್ಣಿನ ಮಟ್ಟಕ್ಕೆ ಹಿಡಿದೆ. ಕಾರ್ಡಿನಲ್ಲಿ ಘಾಟ್ ಇತ್ತು. ಕಾರ್ಡಿನ ಅಂಚಿನಾಚೆಯೂ ಅದೇ ಘಾಟ್ ಇತ್ತು. ಇವೆರಡನ್ನು ಒಂದರ ಪಕ್ಕ ಒಂದಿಟ್ಟು ನೋಡಲಿಕ್ಕೆಂದೇ ಹುಬ್ಬಳ್ಳಿಯಿಂದ ಎರಡು ದಿನ ರೈಲಿನಲ್ಲಿ ಕೂತು ಬಂದಿದ್ದೆ. ಸುತ್ತಲಿನ ದೋಣಿಗಳಲ್ಲಿ ಎಲ್ಲರೂ ಮೊಬೈಲು ಎತ್ತಿ ಹಿಡಿದಿದ್ದರು. ಹಳೆಯ ರಟ್ಟಿನ ತುಂಡು ಹಿಡಿದು ಒಂದು ಕಣ್ಣು ಮುಚ್ಚಿಕೊಂಡ ನನ್ನನ್ನು ಅಂಬಿಗ ತಿರುತಿರುಗಿ ನೋಡಿದ. ಎದುರಿನ ದೋಣಿಯ ಹೆಂಗಸೊಬ್ಬಳು ನನ್ನದೇ ಒಂದು ಫೋಟೋ ತೆಗೆದುಕೊಂಡಳು.

ಅದು ಅಗ್ಗದ ಮುದ್ರಣದ ಚಿತ್ರದ ಕಾರ್ಡು. ಬಿದಿರಿನ ಛತ್ರಿಗಳ ಕೇಸರಿ ಬಣ್ಣ ಛತ್ರಿಯ ಗೆರೆಯೊಳಗೆ ಕೂತಿಲ್ಲ, ಒಂದು ಕೂದಲೆಳೆಯಷ್ಟು ಬಲಕ್ಕೆ ಜಾರಿದೆ. ಹೊಳೆಯ ನೀರು ಗುಲಾಬಿ. ನನ್ನ ಎದೆ ಹಾರಿದ್ದು ಇಲ್ಲಿ. ಬಾಲ್ಯದಲ್ಲಿ ನಾನು ಕಂಡೆ ಎಂದು ನೆನಪಿಟ್ಟುಕೊಂಡಿರುವ ಕಾಶಿಯಲ್ಲೂ ನೀರು ಗುಲಾಬಿ, ಛತ್ರಿಗಳ ಬಣ್ಣ ಬಲಕ್ಕೆ ಜಾರಿದೆ. ನಿಜವಾದ ಛತ್ರಿ ಎಲ್ಲಾದರೂ ತನ್ನ ಬಣ್ಣದಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆಯೇ? ಅಂದರೆ ಐವತ್ತನಾಲ್ಕು ವರ್ಷ ನಾನು ಹೊತ್ತು ತಿರುಗಿದ ಕಾಶಿ ಈ ಕಾರ್ಡಿನಿಂದ ಬಂದದ್ದು. ಅಣ್ಣ ಹೇಳುವುದೇ ಸರಿ. ನಾನು ಇಲ್ಲಿಗೆ ಬಂದೇ ಇರಲಿಲ್ಲ.

ಹಾಗಾದರೆ ಆ ಸುಳ್ಳನ್ನೂ ನಾನು ಹೇಳಿಲ್ಲ.

ವಿಷಯ ಏನೆಂದು ಹೇಳಿಬಿಡುತ್ತೇನೆ. ನನಗೆ ಏಳು ವರ್ಷವಿದ್ದಾಗ ನಮ್ಮ ಮನೆಯವರು ಕಾಶಿಗೆ ಹೋದರು. ಅಪ್ಪ, ಅವ್ವ, ಹದಿಮೂರು ವರ್ಷದ ವಸಂತಣ್ಣ, ಅಪ್ಪನ ತಂಗಿ ಕುಮುದತ್ತೆ. ಹೋದವರೆಲ್ಲ ತಿರುಗಿ ಬಂದರು, ಅತ್ತೆ ಬರಲಿಲ್ಲ. ನನ್ನ ನೆನಪು ಹೀಗಿದೆ. ರೈಲ್ವೆ ಸ್ಟೇಷನ್. ಹೆಂಗಸರ ಡಬ್ಬಿ ಕಟ್ಟಕಡೆಗೆ, ನಮ್ಮದು ಮುಂದೆ. ಅವ್ವ ಅತ್ತಿ ಇಬ್ಬರೂ ಕೂತಾರೇನು, ಓಡಿ ಹೋಗಿ ನೋಡಿ ಬಾ ಎಂದು ಅಪ್ಪ ನನ್ನನ್ನು ಕಳಿಸುತ್ತಾನೆ. ಕಿಟಕಿಯಲ್ಲಿ ಅವ್ವ ಒಬ್ಬಳೇ ಕೂತಿದ್ದಾಳೆ, ತೊಡೆಯ ಮೇಲೆ ಗಂಗೆಯ ತಂಬಿಗೆ. ಅತ್ತೆ ಇಲ್ಲ. ನಾನು ಓಡಿ ಬಂದು, ಇಬ್ಬರೂ ಕೂತಾರ ಎಂದು ಹೇಳುತ್ತೇನೆ. ರೈಲು ಹೊರಡುತ್ತದೆ. ಯಾಕೆ ಹಾಗೆ ಹೇಳಿದೆ ಎಂಬುದು ಮಾತ್ರ ನೆನಪಿಲ್ಲ.

ಜಾಗ ಸಾಲದೆ ಅತ್ತೆ ಗಂಡಸರ ಜೊತೆ ಕೂತಿದ್ದಾಳೆ ಎಂದು ಅವ್ವ ತಿಳಿದಳಂತೆ. ಗೊತ್ತಾಗುವಾಗ ಪ್ರಯಾಗ ದಾಟಿತ್ತು. ಅಪ್ಪ ಇಳಿದು ಹಿಂದಕ್ಕೆ ಹೋಗಿ ಎರಡು ದಿನ ಊರೆಲ್ಲ ಹುಡುಕಿ ಒಬ್ಬನೇ ಮನೆಗೆ ಬಂದ. ಕೆಲವು ತಿಂಗಳ ಮೇಲೆ ಮೊದಲನೆಯ ಕಾರ್ಡು ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಒಟ್ಟು ಒಂಬತ್ತು. ಒಂದರಲ್ಲೂ ಕಳಿಸಿದವರ ವಿಳಾಸವಿಲ್ಲ. ಒಂಬತ್ತರಲ್ಲೂ ಅದೇ ಎರಡು ಸಾಲು: "ನಾನು ಕ್ಷೇಮ. ಹುಡುಗರಿಗೆ ತಿಳಿಸಿ." ಮೂರನೆಯದು ಒಂದಷ್ಟು ಕಾಲ ನಮ್ಮ ಮನೆಯ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದು ನೆನಪಿದೆ, ಬರಹ ಗೋಡೆಯ ಕಡೆ, ಚಿತ್ರ ನಮ್ಮ ಕಡೆ. ಉಳಿದವನ್ನು ನಾನು ನೋಡಿದ್ದು ಹೋದ ವರ್ಷ, ಅವ್ವ ತೀರಿಕೊಂಡ ಮೇಲೆ, ಅಪ್ಪನ ಹಳೆಯ ಕೋಟಿನ ಒಳಜೇಬಿನಲ್ಲಿ.

ಇಪ್ಪತ್ನಾಲ್ಕು ವರ್ಷದ ಹೆಣ್ಣುಮಗಳು, ಗುರುತಿಲ್ಲದ ಊರು. ಅವಳನ್ನು ಅಲ್ಲಿ ಬಿಟ್ಟು ಬರುವ ಹಾಗೆ ಮಾಡಿದ್ದು ನನ್ನ ಒಂದು ಮಾತೇ ಎಂದು ಈ ವಯಸ್ಸಿನಲ್ಲೂ ಮಧ್ಯಾಹ್ನ ಊಟ ಮಾಡುತ್ತ ಮಾಡುತ್ತ ಕೈ ನಿಂತುಬಿಡುತ್ತದೆ. ಅಣ್ಣನನ್ನು ಕೇಳಿದರೆ ನಗುತ್ತಾನೆ. ನಾನು ಬಂದಿರಲೇ ಇಲ್ಲವಂತೆ. ಜ್ವರ ಬಂದು ಗದಗಿನ ಕಾಕಾನ ಮನೆಯಲ್ಲಿ ಬಿಟ್ಟುಹೋಗಿದ್ದರಂತೆ. ಅವನ ಬಳಿ ಒಂದು ಪುರಾವೆಯೂ ಇದೆ. ಕಾಶಿಗೆ ಹೋದವರು ಒಂದು ಹಣ್ಣೋ ಕಾಯಿಪಲ್ಲೆಯೋ ಅಲ್ಲಿ ಬಿಟ್ಟು ಬರಬೇಕು, ಮತ್ತೆ ಜನ್ಮದಲ್ಲಿ ಮುಟ್ಟಬಾರದು. ಅಪ್ಪ ಹಾಗಲಕಾಯಿ ಬಿಟ್ಟ; ಅದನ್ನು ಅವನು ಮೊದಲೂ ತಿನ್ನುತ್ತಿರಲಿಲ್ಲ. ಅವ್ವ ಸೀತಾಫಲ ಬಿಟ್ಟು ಪ್ರತಿ ಸುಗ್ಗಿಗೂ ಬುಟ್ಟಿಯ ಮುಂದೆ ನಿಂತು ನಿಟ್ಟುಸಿರು ಬಿಟ್ಟಳು. ಅಣ್ಣ ಹೀರೇಕಾಯಿ.

"ಎಲ್ಲಾರೂ ಒಂದೊಂದು ಬಿಟ್ಟೇವಿ. ನೀ ಏನ್ ಬಿಟ್ಟಿ ಹೇಳು? ಕಲ್ಲು ಒಂದ್ ಬಿಟ್ಟು ಎಲ್ಲಾ ತಿಂತಿ. ಬಂದಿದ್ದಿಲ್ಲೋ ತಮ್ಮಾ ನೀನು."

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ಹುಡುಗರಿಗೆ ಸಾವಿರ ಸಲ ಹೇಳಿದ್ದೇನೆ. ಈಗ ಆ ಒಬ್ಬನೇ ಸಾಕ್ಷಿ ನಾನು.

ಅಷ್ಟರಲ್ಲಿ ಗಾಳಿ ಬಂತು. ಕಾರ್ಡು ಬೆರಳಿನಿಂದ ಹಾರಿ ನೀರಿಗೆ ಬಿತ್ತು. ನಾನು ಎದ್ದು ಬಾಗಿದ ರಭಸಕ್ಕೆ ದೋಣಿ ವಾಲಿ ಅಂಬಿಗ ಬೈದ. ಆಮೇಲೆ ಅವನೇ ಹುಟ್ಟು ಚಾಚಿ, ಹೆಂಚಿನ ಮೇಲಿಂದ ದೋಸೆ ಎತ್ತಿದಂತೆ ನಾಜೂಕಾಗಿ ಅದನ್ನು ಎತ್ತಿಕೊಟ್ಟ. ಹಿಂಬದಿಯ ನೀಲಿ ಶಾಯಿ ಹರಿದು "ಕ್ಷೇಮ" ಕಲೆಯಾಗಿತ್ತು.

ಮೆಟ್ಟಿಲು ಹತ್ತುವಾಗ ಅಭ್ಯಾಸಬಲದಿಂದ ಬಾಯಲ್ಲಿ ಹಳೆಯ ಗುನುಗು ಬಂತು. ಮೆಟ್ಟಿಲು ಎಲ್ಲಿ ಸಿಕ್ಕರೂ ನನಗೆ ಅದು ಬರುತ್ತದೆ: "ಹದಿನೇಳು ಬಿ, ಬೇವಿನ ಗಿಡ, ಹಸರ ಬಾಗಲ, ಮ್ಯಾಲಿನ ಮನಿ." ಕುಂಟಾಬಿಲ್ಲೆ ಆಡುವಾಗಿನ ಎಂಥದೋ ಎಣಿಕೆಯ ಹಾಡು. ಕಾಲೇಜಿನ ಹುಡುಗರು ನನ್ನ ಹಿಂದೆ ಅದನ್ನು ಅಣಕಿಸಿ ಹಾಡುತ್ತಿದ್ದರು.

ಲಂಕಾ

ನಾನು ಇಳಿದುಕೊಂಡಿದ್ದು ಲಂಕಾದಲ್ಲಿ, ಬಳ್ಳಾರಿಯ ಗುರುರಾಜರ ಮನೆಯಲ್ಲಿ. ಬ್ಯಾಂಕಿನವರು, ವರ್ಗವಾಗಿ ಬಂದು ಆರು ವರ್ಷ. ನನ್ನ ಹಳೆಯ ವಿದ್ಯಾರ್ಥಿಯ ಭಾವ. ವಿಶ್ವವಿದ್ಯಾಲಯದ ಬಾಗಿಲಿಗೆ ಅಂಟಿದ ಈ ಪೇಟೆಯಲ್ಲಿ ಕೋಚಿಂಗ್ ಕ್ಲಾಸುಗಳ ಬೋರ್ಡಿನ ಸಂದಿಯಲ್ಲಿ ಆಕಾಶ ಹುಡುಕಬೇಕು. ನಮ್ಮಲ್ಲಿ ದಾರಿ ಕೇಳಿದರೆ ಯಾರ ಮನೆಗೆ, ಏನಾಗಬೇಕು ಎಂದು ಮೊದಲು ವಿಚಾರಿಸಿ ಆಮೇಲೆ ಕೈ ತೋರಿಸುತ್ತಾರೆ. ಇಲ್ಲಿ ಯಾರನ್ನು ಕೇಳಿದರೂ, ಬಾಯಲ್ಲಿ ಪಾನ್ ಇರುವುದರಿಂದ, ಗದ್ದವನ್ನಷ್ಟೇ ಮೇಲೆತ್ತುತ್ತಾರೆ. ಗದ್ದ ತೋರಿದ ಕಡೆ ನಡೆದು ನಾನು ಎರಡು ಸಲ ಒಂದೇ ಗೂಳಿಯ ಮುಂದೆ ಹೋಗಿ ನಿಂತೆ. ಎರಡನೆಯ ಸಲ ಅದು ನನಗೆ ದಾರಿ ಬಿಟ್ಟಿತು.

ಊಟವಾದ ಮೇಲೆ ಒದ್ದೆ ಕಾರ್ಡನ್ನು ಒಣಗಲು ಇಟ್ಟು ಉಳಿದ ಎಂಟನ್ನು ಮೇಜಿನ ಮೇಲೆ ಹರಡಿದೆ. ಗುರುರಾಜರ ಮಗಳು, ಹತ್ತು ವರ್ಷದವಳು, ಬಂದು ಒಂದೊಂದನ್ನೇ ತಿರುಗಿಸಿ ನೋಡಿದಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಹಿಂದಿಯಲ್ಲೇ ಉತ್ತರ ಕೊಡುವುದು ಆ ಮನೆಯ ರೂಢಿ.

"ಅಂಕಲ್, ಇಸ್‌ಮೇ ತೋ ಕೋಯೀ ಅಪ್ನಾ ಹೈ ಹೀ ನಹೀ," ಎಂದಳು.

ಹೌದು. ಒಂಬತ್ತು ಚಿತ್ರಗಳಲ್ಲಿ ನಮ್ಮವರು ಒಬ್ಬರೂ ಇಲ್ಲ. ನಮ್ಮವರಿಲ್ಲದ ಚಿತ್ರವನ್ನು ಯಾರಾದರೂ ಯಾಕೆ ಕಳಿಸುತ್ತಾರೆ ಎಂಬುದು ಅವಳ ಪ್ರಶ್ನೆ. 

ಗುರುರಾಜರು ಬ್ಯಾಂಕಿನ ಕಣ್ಣಿನಿಂದ ನೋಡಿದರು. ಅವರಿಗೆ ಚಿತ್ರ ಬೇಕಿರಲಿಲ್ಲ, ಅಂಚೆಯ ಸಿಕ್ಕಾ ಬೇಕಿತ್ತು. "ಸರ್, ಈ ಕೊನೀ ಮೂರು ಸಾರನಾಥದ ಪೋಸ್ಟಿನವು ನೋಡ್ರಿ. ಮೊದ್ಲಿನವೆಲ್ಲ ಕಂಟೋನ್ಮೆಂಟು." ನಾನು ಅದನ್ನು ಗಮನಿಸಿದ್ದೆ, ಆದರೆ ಘಾಟಿನ ಚಿತ್ರಗಳ ಗುಂಗಿನಲ್ಲಿ ಬದಿಗಿಟ್ಟಿದ್ದೆ. ಇಲ್ಲಿನ ಕನ್ನಡದವರು ರಾಜ್ಯೋತ್ಸವಕ್ಕೆ ಸೇರುತ್ತಾರಂತೆ, ಮೂವತ್ತು ಜನ, ಒಂದು ಪಾತ್ರೆ ಬಿಸಿಬೇಳೆಭಾತು. ಸಾರನಾಥದಿಂದ ಒಬ್ಬ ಅಜ್ಜಿ ಬರುತ್ತಿದ್ದರಂತೆ. ಗಂಡ ರೈಲ್ವೆಯಲ್ಲಿದ್ದರು, ಈಗಿಲ್ಲ. ಹುಬ್ಬಳ್ಳಿ ಕಡೆಯವರು. ಹೆಸರು ಶಾರದಮ್ಮ. ಗುರುರಾಜರು ಬಂದ ಮೊದಲ ವರ್ಷ ಅವರ ಜೊತೆ ಇನ್ನೊಬ್ಬರೂ ಬಂದಿದ್ದರು.

ಇನ್ನೊಬ್ಬರು ಯಾರು ಎಂದು ಕೇಳಿದೆ. ಗುರುರಾಜರಿಗೆ ಹೆಸರು ಗೊತ್ತಿರಲಿಲ್ಲ. ಬಿಳಿ ಕೂದಲಿನ, ಹೆಚ್ಚು ಮಾತಾಡದ ಹೆಂಗಸು. ಆರು ವರ್ಷದ ಹಿಂದಿನ ಮಾತು.

ಅವರು ಅಲ್ಲೇ ಫೋನು ಹಚ್ಚಿದರು. ಎತ್ತಿದ್ದು ಶಾರದಮ್ಮನ ಮಗಳು. ಹುಬ್ಬಳ್ಳಿಯ ಹೆಸರು ಕೇಳಿ ಆಕೆ ಫೋನಿಗೆ ಕೈ ಅಡ್ಡ ಹಿಡಿದು ಒಳಗೆ ಏನೋ ಕೇಳಿದಳು. ಆಮೇಲೆ ಬಂದ ಉತ್ತರ ಚಿಕ್ಕದು. ಹುಬ್ಬಳ್ಳಿಯಿಂದ ಬಂದ ಯಾರನ್ನೂ ಅಮ್ಮ ನೋಡುವುದಿಲ್ಲವಂತೆ.

ಅಣ್ಣನಿಗೆ ಹೇಳಿದೆ. ಅವನು ಫೋನಿನಲ್ಲಿ ಬೇಗ ಬೇಗ ಮಾತಾಡಿದ. ಸಾಕು, ವಿಶ್ವನಾಥನಿಗೆ ಕೈಮುಗಿದು ಊರಿಗೆ ಬಾ, ಮುದುಕಿಯ ಮನೆಯ ಬಾಗಿಲು ಬಡಿಯಬೇಡ ಎಂದ. ಅವನ ದನಿ ನಗುತ್ತಿರಲಿಲ್ಲ. ಅದೇ ನನ್ನನ್ನು ಇನ್ನೊಂದು ದಿನ ಉಳಿಯುವಂತೆ ಮಾಡಿತು.

ಮತ್ತೆ ದಶಾಶ್ವಮೇಧ

ಕರ್ನಾಟಕದ ಯಾತ್ರಿಕರ ಪುರೋಹಿತರಾದ ಪಂಡಾಗಳು ಹತ್ತು ಹೆಜ್ಜೆ ದೂರದಿಂದಲೇ ನಮ್ಮನ್ನು ಗುರುತು ಹಿಡಿಯುತ್ತಾರೆ. ಪಂಚೆ ಉಟ್ಟಿರಬೇಕೆಂದಿಲ್ಲ, ನೀರಿಗೆ ಇಳಿಯುವ ಮುಂಚೆ ಚಪ್ಪಲಿಯನ್ನು ಎಲ್ಲಿಡಲಿ ಎಂದು ನಾವು ಸುತ್ತ ನೋಡುವ ರೀತಿಯೇ ಸಾಕಂತೆ. ನನ್ನನ್ನು ಹಿಡಿದವರಿಗೆ ಎಪ್ಪತ್ತು ದಾಟಿತ್ತು. ಯಾವ ಊರು, ಯಾವ ಗೋತ್ರ, ತಂದೆಯ ಹೆಸರೇನು ಎಂದು ಕೇಳಿ, ನನ್ನನ್ನು ಒಂದು ಛತ್ರಿಯ ಕೆಳಗೆ ಕೂರಿಸಿ, ಗಲ್ಲಿಯೊಳಗೆ ಹೋಗಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ವಹಿ ತಂದರು. ಯಾತ್ರೆಗೆ ಬಂದವರು ಮನೆತನದ ಹೆಸರು ಬರೆದು ಸಹಿ ಹಾಕುವ ಪುಸ್ತಕ. ಛತ್ರಿಯ ಬಣ್ಣ ಅದರ ಗೆರೆಯೊಳಗೇ ಇತ್ತು, ನಾನು ನೋಡಿಕೊಂಡೆ.

ಹುಬ್ಬಳ್ಳಿಯ ಪುಟಗಳು ಸಿಗಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಒಂದು ಪುಟದಲ್ಲಿ ಅಪ್ಪನ ಕೈಬರಹ ಎದ್ದು ಬಂತು. ಬಲಕ್ಕೆ ಬಾಗಿದ ಆ ಅಕ್ಷರ ನನಗೆ ಶಾಲೆಯ ಪ್ರಗತಿ ಪತ್ರಗಳ ಮೇಲಿನ ಸಹಿಯಿಂದ ಗೊತ್ತು. ಅಜ್ಜನ ಹೆಸರು, ಅಪ್ಪನ ಹೆಸರು, ಚಿರಂಜೀವಿ ವಸಂತ. ಅದರ ಕೆಳಗೆ, ಚಿರಂಜೀವಿ ರಾಘವೇಂದ್ರ.

ನಾನು ಬಂದಿದ್ದೆ.

ಅಣ್ಣ ಸುಳ್ಳು ಹೇಳಿದ್ದ, ನಾನು ಆ ಪ್ಲಾಟ್‌ಫಾರ್ಮಿನಲ್ಲಿ ಓಡಿದ್ದೆ. ಮೊದಲ ದಿನ ದೋಣಿಯಲ್ಲಿ ಸಿಕ್ಕ ಸಮಾಧಾನ ಒಂದು ದಿನವೂ ಬಾಳಲಿಲ್ಲ. ಅವ್ವನ ಹೆಸರು ಎಲ್ಲಿ, ಅತ್ತೆಯದು ಎಲ್ಲಿ ಎಂದು ಕೇಳಿದೆ.

"ಹೆಂಗಸರದ್ದು ಆಗ ಬರೆಸ್ತಿರಲಿಲ್ಲ ಯಜಮಾನ್ರೇ," ಎಂದರು ಪಂಡಾ.

ನಾನು ನನ್ನ ಹೆಸರಿನ ಮೇಲಿಂದ ಬೆರಳು ತೆಗೆಯದೆ ಕೂತಿದ್ದನ್ನು ಅವರು ನೋಡುತ್ತಿದ್ದರು. ಈ ಸಲ ಬಂದದ್ದು ಎರಡನೇ ಬಾರಿಯೋ ಎಂದರು. ಪುಸ್ತಕವೇ ಹೇಳುತ್ತಿದೆಯಲ್ಲ ಎಂದೆ. ಅವರು ನಕ್ಕು ಪುಟಗಳನ್ನು ಮುಂದಕ್ಕೆ ಸರಿಸಿ, ಹೋದ ವಾರದ ಬರಹದ ಮೇಲೆ ಬೆರಳಿಟ್ಟರು.

"ಇವನು ನೋಡಿ. ಮೂರು ತಿಂಗಳ ಕೂಸು. ಧಾರವಾಡದಲ್ಲಿ ತೊಟ್ಟಿಲಲ್ಲಿ ಮಲಗಿದ್ದಾನೆ. ಹೆಸರು ಇಲ್ಲಿದೆ. ಮನೆಯಲ್ಲಿ ಹುಟ್ಟಿದ ಗಂಡು ಮಕ್ಕಳೆಲ್ಲಾ ಬರ್ತಾರೆ, ಬಂದವರೂ, ಬರದವರೂ. ವಹಿ ಖಾನ್‌ದಾನಿಂದು, ಮನೆತನದ್ದು, ಟಿಕೆಟ್ಟಿಂದಲ್ಲ."

ದಾಖಲೆ ಎಂದರೆ ಸಾಕು, ಅದನ್ನು ಯಾರು ಯಾಕೆ ಬರೆದರು ಎಂದು ವಿಚಾರಿಸದೆ ನಂಬಿಬಿಟ್ಟಿದ್ದೆ. ಮೊದಲ ವರ್ಷದ ಬಿ.ಎ. ಹುಡುಗ ಮಾಡುವ ತಪ್ಪು. ಹೆಸರಿದ್ದ ನಾನು ಬಂದಿದ್ದೆನೋ ಇಲ್ಲವೋ, ಹೇಳಲಾಗದು. ಹೆಸರಿಲ್ಲದ ಅತ್ತೆ ಮಾತ್ರ ಖಂಡಿತ ಬಂದಿದ್ದಳು, ಮತ್ತು ಹೋಗಿರಲಿಲ್ಲ.

ಹೊರಡುವಾಗ ಪಂಡಾ ಎಲ್ಲರನ್ನೂ ಕೇಳುವ ಪ್ರಶ್ನೆ ಕೇಳಿದರು. ಏನು ಬಿಡ್ತೀರಿ? ಹಣ್ಣೋ ತರಕಾರಿಯೋ? ನಾಳೆ ಹೇಳುತ್ತೇನೆ ಎಂದು ಎದ್ದೆ. ನನ್ನ ಚಪ್ಪಲಿಯನ್ನು ಯಾರೋ ಹಾಕಿಕೊಂಡು ಹೋಗಿದ್ದರು. ಉಳಿದಿದ್ದ ಜೋಡಿಯಲ್ಲಿ ಎಡಗಾಲಿನದು ಒಂದು ಅಳತೆ, ಬಲಗಾಲಿನದು ಒಂದು.

ಸಾರನಾಥ

ಆ ಚಪ್ಪಲಿಯಲ್ಲೇ ಮರುದಿನ ಆಟೋ ಹತ್ತಿದೆ. ಡ್ರೈವರ್ ದಾರಿಯುದ್ದಕ್ಕೂ ಬುದ್ಧನ ಬಗ್ಗೆ ಹೇಳಿದ, ನಾನು ಏನನ್ನೂ ಕೇಳಿಸಿಕೊಳ್ಳಲಿಲ್ಲ. ಊರಿನ ಗದ್ದಲ ಹಿಂದೆ ಬಿದ್ದು ತರಕಾರಿ ಹೊಲಗಳು ಬಂದವು, ಆಮೇಲೆ ಒಂದೊಂದು ದೇಶದ ಚಾವಣಿ ಹೊತ್ತ ವಿಹಾರಗಳು. ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಮನೆ. ಮಗಳು ಬಾಗಿಲು ಅರ್ಧ ತೆರೆದು, ಹೇಳಿದ್ದೆವಲ್ಲ ಎಂದಳು. ನಾನು ಬೇರೆ ಮಾತಾಡದೆ ಒಂಬತ್ತು ಕಾರ್ಡುಗಳನ್ನು ಆಕೆಯ ಕೈಗೆ ಕೊಟ್ಟು, ಅಮ್ಮನಿಗೆ ತೋರಿಸಿ, ಬೇಡವೆಂದರೆ ಹೋಗುತ್ತೇನೆ ಎಂದೆ. ಗೇಟಿನ ಹತ್ತಿರ ಬಿಸಿಲಿನಲ್ಲಿ ನಿಂತೆ. ಒಳಗಿನಿಂದ ಮಾತು ಕೇಳಿಸಲಿಲ್ಲ. ಹದಿನೈದು ನಿಮಿಷವಾದ ಮೇಲೆ ಮಗಳು ಬಂದು ಒಳಗೆ ಕರೆದಳು.

ಶಾರದಮ್ಮ ಮಂಚದ ಮೇಲೆ ನೇರವಾಗಿ ಕೂತಿದ್ದರು. ಕನ್ನಡಕದ ಒಂದು ಗಾಜಿಗೆ ಬಿಳಿ ಕಾಗದ ಅಂಟಿಸಿತ್ತು, ಕಣ್ಣಿನ ಆಪರೇಷನ್ ಆಗಿತ್ತಂತೆ. ತೊಡೆಯ ಮೇಲೆ ಕಾರ್ಡುಗಳು. ಐವತ್ತು ವರ್ಷ ಇಲ್ಲಿದ್ದರೂ ಅವರ ಹುಬ್ಬಳ್ಳಿ ಒಂದಿಷ್ಟೂ ಮಾಸಿರಲಿಲ್ಲ.

"ನೀ ವಸಂತ ಏನು, ಸಣ್ಣಾಂವ ಏನು?"

"ಸಣ್ಣಾಂವ್ರೀ. ರಘು."

"ಬಂದಿ," ಎಂದರು. ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. "ಆರು ವರ್ಷ ತಡಾ ಮಾಡಿ ಬಂದಿ."

ಅತ್ತೆ ಆರು ವರ್ಷದ ಹಿಂದೆ ತೀರಿಕೊಂಡಿದ್ದಳು, ಇದೇ ಮನೆಯ ಮಾಳಿಗೆಯ ಕೋಣೆಯಲ್ಲಿ. ಅದಕ್ಕೆ ಮೊದಲು ಮೂವತ್ತು ವರ್ಷ ಹುಡುಗಿಯರ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿದ್ದಳು. ನಾನು ನಿಂತೇ ಕೇಳಿಸಿಕೊಂಡೆ. ಆದರೂ ನನ್ನ ಪ್ರಶ್ನೆ ಕೇಳಲೇಬೇಕಿತ್ತು. ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ, ನಾನು ಆ ಸಲ ಕಾಶಿಗೆ ಬಂದಿದ್ದೆನೋ ಇಲ್ಲವೋ ಅದೂ ಗೊತ್ತಿಲ್ಲ, ಮನೆಯಲ್ಲಿ ಬಂದಿರಲಿಲ್ಲ ಎನ್ನುತ್ತಾರೆ ಎಂದು ಹೇಳಿದೆ.

ಅವರು ತೆರೆದ ಒಂದೇ ಕಣ್ಣಿನಿಂದ ನನ್ನನ್ನು ನೋಡಿದರು. ಆಮೇಲೆ ಮಂಚದ ಕಟ್ಟಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಹೇಳಿದರು:

"ಹದಿನೇಳು ಬಿ, ಬೇವಿನ ಗಿಡ..."

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಹಸರ ಬಾಗಲ, ಮ್ಯಾಲಿನ ಮನಿ," ಎಂದಿತು.

"ಮುಂದ?"

"ಮುಂದ ಇಲ್ರೀ. ಅಷ್ಟ."

"ಮುಂದ ಅದ," ಎಂದರು ಅವರು. "ರೇಲ್ವೆ ಕಾಲನಿ, ಶಾರದಾ ಅದಾಳ, ನಾನೂ ಅದೀನಿ."

ಮಗಳು ಕುರ್ಚಿ ತಂದಿಟ್ಟಳು. ನಾನು ಕೂತೆ.

ಆಮೇಲಿನದನ್ನು ಅವರು ಒಂದೇ ಸಮನೆ ಹೇಳಿದರು. ಅವರೂ ಅತ್ತೆಯೂ ಹುಬ್ಬಳ್ಳಿಯಲ್ಲಿ ಒಂದೇ ಬೆಂಚಿನ ಗೆಳತಿಯರು. ಶಾರದಮ್ಮ ರೈಲ್ವೆಯವರನ್ನು ಮದುವೆಯಾಗಿ ಇಲ್ಲಿಗೆ ಬಂದರು. ಅತ್ತೆಗೆ ರಾಣೆಬೆನ್ನೂರಿನ ಅರಿವೆ ಅಂಗಡಿಯವನೊಬ್ಬ ನಿಶ್ಚಯವಾಗಿದ್ದ. ನಲವತ್ತೈದು ವರ್ಷ, ಸತ್ತ ಹೆಂಡತಿಯ ಎರಡು ಮಕ್ಕಳು. ಒಲ್ಲೆ ಎಂದು ಅತ್ತೆ ಮೂರು ಸಲ ಅಪ್ಪನಿಗೆ ಹೇಳಿದ್ದಳಂತೆ. ಕಾಶಿಯಿಂದ ಬಂದ ತಿಂಗಳಿಗೆ ಮದುವೆ. ಎಲ್ಲವನ್ನೂ ಕಾಗದದಲ್ಲಿ ಮೊದಲೇ ಗೊತ್ತು ಮಾಡಿಕೊಂಡು ಬಂದಿದ್ದಳು. ಬೇಕಿದ್ದದ್ದು ಒಂದೇ, ರೈಲು ಹೊರಡುವಾಗ ಅವಳು ಇಲ್ಲದ್ದು ಗೊತ್ತಾಗಬಾರದು.

"ಹಿಂದಿನ ದಿನ ಘಾಟಿನಾಗ ಎಲ್ಲಾರೂ ಹಣ್ಣು ಬಿಡಾಕತ್ತಿದ್ರಂತ. ನಾ ಏನ್ ಬಿಡ್ಲಿ ಅಂತ ನೀ ಅಕೀನ್ನ ಕೇಳಿದಿ. ನೀ ಹಣ್ಣು ಬಿಡಬ್ಯಾಡ, ಈ ಮಾತು ಬಿಡು ಅಂದ್ಲಂತ. ನಾಳೆ ಅಪ್ಪ ಕೇಳಿದ್ರ ಇಬ್ಬರೂ ಕೂತಾರ ಅಂತ ಹೇಳು, ಹೇಳಿ ಇಲ್ಲೇ ಬಿಟ್ಟು ಹೋಗು, ಮತ್ತ ಮುಟ್ಟಬ್ಯಾಡ. ಬಿಟ್ಟದ್ದು ಮುಟ್ಟಿದ್ರ ಪಾಪ ಬರತದ ಅಂತ ಹೆದರಿಕಿನೂ ಹಾಕಿದ್ಲು. ಅದಕ್ಕ ಆಮ್ಯಾಲೆ ಭಾಳ ಮರಗತಿದ್ಲು."

ಅವರು ಕಪಾಟಿನ ಕಡೆ ಕೈ ತೋರಿಸಿದರು. ಮಗಳು ಅಲ್ಲಿಂದ ಒಂದು ಹಳೆಯ ರೈಲ್ವೆ ಟೈಂಟೇಬಲ್ ಪುಸ್ತಕ ತಂದು, ನಡುವಿನಿಂದ ಒಂದು ಕಾರ್ಡು ಎಳೆದು ಕೊಟ್ಟಳು. ಯಾವ ಪುಟದಿಂದ ಎಂದು ನೋಡಬೇಕಿತ್ತು, ನೋಡಲಿಲ್ಲ. ಚಿತ್ರದ ಕಾರ್ಡು. ಗೋಳಗುಮ್ಮಟ. ನಾಲ್ಕನೆಯ ಇಯತ್ತೆಯಲ್ಲಿ ಶಾಲೆಯಿಂದ ಬಿಜಾಪುರಕ್ಕೆ ಟ್ರಿಪ್ ಕರೆದುಕೊಂಡು ಹೋಗಿದ್ದರು, ಅದು ನೆನಪಿದೆ. ಕಾರ್ಡು ಕೊಂಡದ್ದು ನೆನಪಿಲ್ಲ. ವಿಳಾಸ ಇಂಗ್ಲಿಷಿನಲ್ಲಿ, ಯಾರೋ ಮಾಸ್ತರ ಕೈಯಲ್ಲಿ: ಹದಿನೇಳು ಬಿ, ರೈಲ್ವೆ ಕಾಲನಿ, ವಾರಾಣಸಿ. ಪಕ್ಕದಲ್ಲಿ ಪೆನ್ಸಿಲಿನ ದಪ್ಪ ಅಕ್ಷರ. ನನ್ನದು. 'ಘು'ಗೆ ಬಾಲ ಎಳೆಯುವ ಆ ಚಟ ನನಗೆ ಇಂದೂ ಬಿಟ್ಟಿಲ್ಲ.

"ಅತ್ತಿ, ನೀ ಬಿಡು ಅಂದದ್ದು ಬಿಟ್ಟೇನಿ. ಮುಟ್ಟಿಲ್ಲ. ಯಾರೂ ಕೇಳಿಲ್ಲ. ರಘು."

ಓದಿದೆ. ಮತ್ತೆ ಓದಿದೆ. ಸುಳ್ಳು ನನ್ನದೇ. ಆದರೆ ಅವಳು ಕೇಳಿಕೊಂಡ ಸುಳ್ಳು. ಎದೆ ಹಗುರಾಗಬೇಕಿತ್ತು. ಶಾರದಮ್ಮ ಬಿಡಲಿಲ್ಲ.

"ನಿಮ್ಮಪ್ಪ ಎರಡು ದಿನ ಘಾಟ್ ಘಾಟ್ ಹುಡಿಕ್ಯಾಡಿದ. ಇಕಿ ನಮ್ಮ ಮನ್ಯಾಗ ಬಾಗಲಾ ಹಾಕ್ಕೊಂಡು ಅಳಾಕತ್ತಿದ್ಲು. ಮನಸ್ಸು ತಡೀಲಾರದ, ಈಗ ಬಂದ್ರ ಹೋಗಿಬಿಡತೀನಿ ಅಂದ್ಲು. ಹುಡುಗಗ ವಿಳಾಸ ಬಾಯಿಪಾಠ ಮಾಡಿಸೇನಿ, ಕೇಳಿದ್ರ ಹೇಳತಾನ, ಅಣ್ಣ ಬರತಾನ ಅಂತ ದಾರಿ ನೋಡಿದ್ಲು. ಬರಲಿಲ್ಲ. ಆಮ್ಯಾಲೆ ನಿನ್ನ ಕಾರ್ಡ್ ಬಂತು. ಯಾರೂ ಕೇಳಿಲ್ಲ ಅಂತ. ನನ್ನ ಯಾರೂ ಕೇಳಲಿಲ್ಲ ನೋಡು ಶಾರದಾ ಅಂದ್ಲು, ಒಂದ ಸಲ. ಮತ್ತ ಆ ಮಾತು ಎತ್ತಲಿಲ್ಲ."

ಎರಡು ಮೂರು ವರ್ಷಕ್ಕೊಮ್ಮೆ ಹುಡುಗನಿಗೆ ಹೆದರಿಕೆ ಇರಬಾರದೆಂದು ಅತ್ತೆ ಒಂದು ಕಾರ್ಡು ಹಾಕುತ್ತಿದ್ದಳಂತೆ. "ಹುಡುಗರಿಗೆ ತಿಳಿಸಿ" ಎಂದರೆ ನನಗೆ. ಅಪ್ಪ ತೀರಿಕೊಂಡ ಸುದ್ದಿ ಯಾರಿಂದಲೋ ತಿಳಿದು ನಿಲ್ಲಿಸಿದಳು. ಇನ್ನು ಹುಡುಗ ದೊಡ್ಡವನಾಗಿದ್ದಾನೆ, ಅವನಿಗೆ ವಿಳಾಸ ಗೊತ್ತಿದೆ, ತಾನೇ ಬರುತ್ತಾನೆ ಎನ್ನುತ್ತಿದ್ದಳು. ಕಾಲನಿ ಬಿಟ್ಟು ಸಾರನಾಥಕ್ಕೆ ಬಂದಾಗ, ಹದಿನೇಳು ಬಿಗೆ ಬಂದ ಹೊಸಬರಿಗೆ ಇಲ್ಲಿನ ದಾರಿ ಬರೆದುಕೊಟ್ಟು ಬಂದಿದ್ದಳು. ಅವರಾದ ಮೇಲೆ ಬಂದವರಿಗೂ.

ಹೊರಡುವಾಗ ಶಾರದಮ್ಮ ಒಂಬತ್ತು ಕಾರ್ಡುಗಳನ್ನು ಹಿಂದಕ್ಕೆ ಕೊಟ್ಟರು. ಗೋಳಗುಮ್ಮಟವನ್ನು ಕೊಡಲಿಲ್ಲ. "ಇದು ಅಕೀದು," ಎಂದರು. ಬಾಗಿಲಲ್ಲಿ ನನ್ನ ಕಾಲು ನೋಡಿ, ಎಂಥಾ ಚಪ್ಪಲಿ ಹಾಕ್ಕೊಂಡು ತಿರಗತಿ ಎಂದು ಬೈದು, ಮಗಳ ಕೈಯಲ್ಲಿ ತಮ್ಮ ಗಂಡನ ಒಂದು ಜೋಡಿ ಕೊಡಿಸಿದರು. ಅದು ಸರಿಯಾಗಿ ಕೂತಿತು.

ಸ್ಟೇಷನ್

ನನ್ನ ರೈಲು ಮಧ್ಯಾಹ್ನಕ್ಕೆ. ಒಂದು ಗಂಟೆ ಮೊದಲೇ ಹೋಗಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ. ಓಡಿದರೆ ಏಳು ವರ್ಷದ ಕಾಲಿಗೆ ಎಷ್ಟು ಹೊತ್ತು ಬೇಕು ಎಂದು ಲೆಕ್ಕ ಹಾಕಿದೆ. ಒಂದು ನಿಮಿಷವೂ ಬೇಡ. ನೆನಪಿಗೆ ಹೊಸದೇನೂ ಬರಲಿಲ್ಲ. ಕಂಬಗಳು, ನಲ್ಲಿ, ಚಹಾದ ಮಣ್ಣಿನ ಲೋಟದ ಚೂರುಗಳು. ಯಾವುದೂ ನನ್ನನ್ನು ಗುರುತಿಸಲಿಲ್ಲ.

ಅಲ್ಲೇ ನಿಂತು ಅಣ್ಣನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಕಡೆಗೆ ಅವನು, ನೀನು ಬಂದದ್ದು ನನಗೆ ಗೊತ್ತಿತ್ತು ಎಂದ. ಅಪ್ಪ ಕಾಶಿಯಿಂದ ಒಬ್ಬನೇ ತಿರುಗಿ ಬಂದ ದಿನ ಅಣ್ಣನನ್ನೂ ಅವ್ವನನ್ನೂ ಕೂರಿಸಿಕೊಂಡು ಹೇಳಿದನಂತೆ: ಬೀಗರು ನೆಂಟರು ಕೇಳುತ್ತಾರೆ, ಕೂಸಿನ ಮೇಲೆ ಮಾತು ಬರುತ್ತದೆ, ಜನ್ಮವಿಡೀ ಹೊರಬೇಕಾಗುತ್ತದೆ. ರಘು ಬಂದಿರಲಿಲ್ಲ ಎಂದೇ ಎಲ್ಲರೂ ಹೇಳಬೇಕು. ಅವನನ್ನು ಯಾರೂ ಒಂದು ಮಾತೂ ಕೇಳಬಾರದು.

ಯಾರೂ ಕೇಳಲಿಲ್ಲ.

"ಹೇಳಿ ಹೇಳಿ ನನಗೂ ಹಂಗ ಅನಿಸಿಬಿಟ್ಟಿತ್ತೋ," ಎಂದ ಅಣ್ಣ. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಯಾವುದೋ ರೈಲು ಬಂದು ಜನ ನುಗ್ಗಿದರು. ಗದ್ದಲ ಇಳಿದ ಮೇಲೆ ಅವನೇ ಕೇಳಿದ, ಅಕಿ ಇದ್ದ ಮನಿ ಎಲ್ಲಿತ್ತು?

ನಾನು ಮಗ್ಗಿಯ ಧಾಟಿಯಲ್ಲಿ ಹೇಳಿದೆ. ಹದಿನೇಳು ಬಿ, ಬೇವಿನ ಗಿಡ.

"ಏ, ಇದು ನಿನ್ನ ಹುಚ್ಚು ಹಾಡಲ್ಲೇನೋ," ಎಂದ ಅಣ್ಣ. "ಕಾಶಿಯಿಂದ ಬಂದ ಮ್ಯಾಲೆ ವರ್ಷಗಟ್ಲೆ ಹಾಡಿದಿ. ಮೆಟ್ಟಲಾ ಹತ್ತಬೇಕಾದ್ರ, ಇಳಿಬೇಕಾದ್ರ. ಅಪ್ಪ ಪೇಪರ್ ಓದಕೋತ ಕೂತಿರತಿದ್ದ. ತಲಿ ಚಿಟ್ಟ ಹಿಡಿಸಬ್ಯಾಡ ಸುಮ್ನಿರು ಅಂತ ಒಮ್ಮೆ ಹೊಡದೂ ಹೊಡದಿದ್ದ, ನೆನಪಿಲ್ಲೇನು? ಏನ್ ಹಾಡೋ ಅದು?"

ನನ್ನ ರೈಲು ಬಂದು, ಡಬ್ಬಿಗಳು ಎದುರಿಗೆ ನಿಧಾನವಾಗಿ ಸರಿದು ನಿಲ್ಲತೊಡಗಿದವು. ಹೆಂಗಸರ ಡಬ್ಬಿ ಕಟ್ಟಕಡೆಗೇ ಇತ್ತು.

"ಹಾಡಲ್ಲಣ್ಣಾ," ಎಂದೆ. "ವಿಳಾಸ."